ನಾಲಾ ಅಗಲಿಸುವ ಮೊದಲು ಮಾಡಬೇಕಾದ ಕೆಲಸ

ಹುಬ್ಬಳ್ಳಿಯಲ್ಲಿ ಒಂದು ತಾಸು ಜೋರು ಮಳೆ ಹೊಡೆದರೆ, ಉಣಕಲ್ ಕೆರೆಯಿಂದ ಇಳಿದು ಊರ ನಡುವೆ ಹರಿಯುವ ನಾಲಾದ ಪಕ್ಕದ ತಗ್ಗು ಓಣಿಗಳಲ್ಲಿ ಜನ ಅಕ್ಕಿ, ಜೋಳದ ಚೀಲಗಳನ್ನು ಮೇಲೆತ್ತಿಡಬೇಕಾಗುತ್ತದೆ. ಗಟಾರ ದೊಡ್ಡದು ಮಾಡಿ ಎಂಬ ಅವರ ಬೇಡಿಕೆ ನ್ಯಾಯವಾದದ್ದೇ. ಆದರೆ ಕೆಲಸ ಶುರುವಾಗಬೇಕಾದದ್ದು ನಕ್ಷೆಯಿಂದ.

ಹಳ್ಳ, ಕೆರೆ, ಕಾಲುವೆಗಳ ಗುರುತಿರುವ ಹಳೆಯ ಗ್ರಾಮನಕ್ಷೆಯನ್ನು ಇಂದಿನ ಬಡಾವಣೆಯ ನಕ್ಷೆಯೊಂದಿಗೆ ಹೋಲಿಸಿ ನೋಡಬೇಕು. ಹಳ್ಳದ ಗೆರೆ ಎಲ್ಲಿ ಮನೆ, ರಸ್ತೆಗಳ ಅಡಿಯಲ್ಲಿ ಮರೆಯಾಗಿದೆಯೋ ನೀರು ನಿಲ್ಲುವುದು ಹೆಚ್ಚಾಗಿ ಅಲ್ಲಿಯೇ. ಮಳೆ ನಿಂತ ಮರುದಿನ ಗೋಡೆಗಳ ಮೇಲಿನ ಕೆಸರಿನ ಗುರುತನ್ನು ಅಳೆದು ಬರೆದಿಟ್ಟರೆ ನಕ್ಷೆ ಪೂರ್ಣವಾಗುತ್ತದೆ.

ನಂತರ ಲೆಕ್ಕ. ಹೆಕ್ಟೇರಿನಲ್ಲಿ ಜಾಗ, ತಾಸಿಗೆ ಮಿಲಿಮೀಟರಿನಲ್ಲಿ ಮಳೆ, ಹರಿದುಹೋಗುವ ಪಾಲು, ಈ ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನಮೀಟರ್ ನೀರು ಬರುತ್ತದೆಂಬುದು ಸಿಗುತ್ತದೆ. 40 ಹೆಕ್ಟೇರ್ ಹೊಲದ ಮೇಲೆ ತಾಸಿಗೆ 50 ಮಿಲಿಮೀಟರ್ ಮಳೆ ಬಿದ್ದು, ಅದರಲ್ಲಿ 0.3 ಪಾಲು ಹರಿದರೆ ಸುಮಾರು 1.7 ಘನಮೀಟರ್, ಅದೇ ಜಾಗ ಬಡಾವಣೆಯಾಗಿ 0.8 ಪಾಲು ಹರಿದರೆ ಸುಮಾರು 4.4 ಘನಮೀಟರ್. ಮಳೆ ಹೆಚ್ಚದೆಯೂ ಪ್ರವಾಹ ಹೆಚ್ಚುವುದು ಹೀಗೆ. ಬಡಾವಣೆಗೆ ಅನುಮತಿ ಕೊಡುವಾಗಲೇ ಈ ಲೆಕ್ಕ ಕೇಳಬೇಕೆಂಬುದು ನನ್ನ ಆಗ್ರಹ.

ಇನ್ನು ಮಣ್ಣು, ನಮ್ಮಲ್ಲಿ ಬಹಳಷ್ಟು ಯೋಜನೆಗಳು ಎಡವುವುದು ಇಲ್ಲಿಯೇ. ಧಾರವಾಡದ ಪಶ್ಚಿಮಕ್ಕೆ ಹೆಚ್ಚಾಗಿ ಮಸಾರಿ, ಅಂದರೆ ಕೆಂಪು ಮಣ್ಣು ಇದ್ದು, ಅಲ್ಲಿ ಇಂಗುಗುಂಡಿ ಕೆಲಸ ಮಾಡುತ್ತದೆ. ಹುಬ್ಬಳ್ಳಿಯ ಪೂರ್ವಕ್ಕೆ ಎರಿಭೂಮಿ, ಅಂದರೆ ಕಪ್ಪು ಜಿಗುಟು ಮಣ್ಣು. ಬೇಸಿಗೆಯಲ್ಲಿ ಬಾಯಿಬಿಟ್ಟ ಎರಿ ಮೊದಲ ಮಳೆಯನ್ನು ಬಿರುಕುಗಳಲ್ಲಿ ನುಂಗಿಕೊಳ್ಳುತ್ತದೆ. ಆಮೇಲೆ ಉಬ್ಬಿ, ಬಿರುಕು ಮುಚ್ಚಿಕೊಂಡು, ನೀರನ್ನು ಒಳಗೆ ಬಿಡುವುದೇ ಇಲ್ಲ. ಅಲ್ಲಿ ಗುಂಡಿಯನ್ನು ಕೆಳಗಿನ ಗರಸಿನ (ನೀರು ಇಳಿಯುವ ಕಲ್ಲುಮಿಶ್ರಿತ ಮಣ್ಣಿನ) ಪದರದವರೆಗೆ ತೋಡಬೇಕು, ಇಲ್ಲವೇ ಮಾಳಿಗೆಯ ನೀರನ್ನು ತೊಟ್ಟಿಯಲ್ಲಿ ಹಿಡಿದಿಡಬೇಕು. ಮನೆಯ ಪಾಯದ ಹತ್ತಿರವಂತೂ ಗುಂಡಿ ಬೇಡ; ಉಬ್ಬುವ ಎರಿ ಗೋಡೆಯನ್ನೇ ಸೀಳುತ್ತದೆ.

ನಾಲಾ ಅಗಲಿಸುವ ಸರದಿ ಈಗ. ಕೆಳಗಿನ ತುದಿಯಿಂದ ಮೇಲಕ್ಕೆ ಹೋಗಬೇಕು. ಕೆಳಗೆ ಒಂದು ಮೋರಿ ಕಿರಿದಾಗಿ ಉಳಿದರೂ ಮೇಲೆ ಅಗಲಿಸಿದ್ದೆಲ್ಲ ನೀರನ್ನು ಅಲ್ಲಿಗೆ ಬೇಗ ತಂದು ನಿಲ್ಲಿಸುತ್ತದೆ. ಹೂಳೆತ್ತುವುದು ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಮುಂಚೆ ಮುಗಿಯಬೇಕು, ಎತ್ತಿದ ಹೂಳು ದಂಡೆಯ ಮೇಲೆ ಉಳಿಯಬಾರದು.

ಆದರೂ ನೀರನ್ನು ಬೇಗ ಸಾಗಿಸುವುದೊಂದೇ ಗುರಿಯಾದರೆ ಅದರ ಪೆಟ್ಟು ಬೀಳುವುದು ಈ ನೀರು ಕೊನೆಗೆ ಸೇರುವ ಬೆಣ್ಣಿಹಳ್ಳದ ದಂಡೆಯ ನವಲಗುಂದ ಕಡೆಯ ಹೊಲಗಳಿಗೆ. ಆದ್ದರಿಂದ ಮೇಲೆಯೇ ತಡೆಯಲು ಜಾಗ ಮಾಡಬೇಕು: ಮಳೆಗಾಲಕ್ಕೆ ಮುಂಚೆ ಕೆರೆಯ ಮಟ್ಟ ತಗ್ಗಿಸಿ ಕೋಡಿ ತೆರವುಗೊಳಿಸಬೇಕು, ಉದ್ಯಾನ, ಆಟದ ಮೈದಾನಗಳನ್ನು ಸುತ್ತಲಿನ ರಸ್ತೆಗಿಂತ ತಗ್ಗಿನಲ್ಲಿ ಕಟ್ಟಬೇಕು. ಒಂದು ಎಕರೆ ಮೈದಾನ ಒಂದು ಅಡಿ ತಗ್ಗಿದ್ದರೆ ಸುಮಾರು 12 ಲಕ್ಷ ಲೀಟರ್ ನೀರು ಅಲ್ಲಿ ನಿಂತು, ಸಣ್ಣ ಕೊಳವೆಯೊಂದರ ಮೂಲಕ ಮರುದಿನದೊಳಗೆ ನಿಧಾನವಾಗಿ ನಾಲಾ ಸೇರುತ್ತದೆ.