ಹೈಪೋ ಬಳಕೆ ಮತ್ತು ವಿಲೇವಾರಿ: ಮನೆಯ ಡಾರ್ಕ್‌ರೂಮಿಗೆ ಒಂದು ಮಾರ್ಗದರ್ಶಿ

ಫಿಲ್ಮ್ ಛಾಯಾಗ್ರಹಣವನ್ನು ಹೊಸದಾಗಿ ಕಲಿಯುತ್ತಿರುವವರು ಮನೆಯ ಬಚ್ಚಲನ್ನೋ ಸಾಮಾನಿನ ಕೋಣೆಯನ್ನೋ ಡಾರ್ಕ್‌ರೂಮ್ ಮಾಡಿಕೊಂಡಾಗ, ಚಿತ್ರವನ್ನು ಮೂಡಿಸುವ ಡೆವಲಪರ್ ವಿಷಯದಲ್ಲಿ ವಹಿಸುವ ಎಚ್ಚರಿಕೆಯನ್ನು, ಮೂಡಿದ ಚಿತ್ರವನ್ನು ಸ್ಥಿರಗೊಳಿಸುವ ಫಿಕ್ಸರ್ ವಿಷಯದಲ್ಲಿ ವಹಿಸುವುದು ಕಡಿಮೆ. ಇದಕ್ಕೆ ಕಾರಣವಿಲ್ಲದಿಲ್ಲ. ಫಿಕ್ಸರಿನ ಮುಖ್ಯ ವಸ್ತುವಾದ, ಸ್ಟುಡಿಯೋಗಳಲ್ಲಿ ಹೈಪೋ ಎಂದೇ ಕರೆಯುವ ಸೋಡಿಯಂ ಥಯೋಸಲ್ಫೇಟ್ ಸ್ವತಃ ದೊಡ್ಡ ವಿಷವಲ್ಲ. ಸಯನೈಡ್ ವಿಷವೇರಿದವರಿಗೆ ವೈದ್ಯರು ಕೊಡುವ ಪ್ರತಿವಿಷಗಳಲ್ಲಿ ಅದೂ ಒಂದು. ಆದರೆ ಆಮ್ಲ ಸೇರಿದಾಗ ಅದು ಉಸಿರಿಗೆ ತೊಂದರೆ ಕೊಡುವ ಅನಿಲವನ್ನು ಬಿಡುತ್ತದೆ, ಫಿಲ್ಮನ್ನು ಅದ್ದಿ ತೆಗೆದ ಮೇಲೆ ಬೆಳ್ಳಿಯನ್ನು ಹೊತ್ತ ದ್ರವವಾಗುತ್ತದೆ. ಆದ್ದರಿಂದ ಪೊಟ್ಟಣದಲ್ಲಿರುವ ಹೈಪೋಗಿಂತ ಟ್ರೇಯಲ್ಲಿರುವ ಹೈಪೋ ಬಗ್ಗೆ, ಅದಕ್ಕಿಂತಲೂ ಬಳಸಿ ಮುಗಿದ ಹೈಪೋ ಬಗ್ಗೆ ಹೆಚ್ಚು ಕಾಳಜಿ ಬೇಕು.

ಹೈಪೋ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆ ಎಂಬುದನ್ನು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1819ರಲ್ಲೇ ಕಂಡುಕೊಂಡಿದ್ದರು. 1839ರಲ್ಲಿ ಛಾಯಾಗ್ರಹಣ ಹುಟ್ಟುತ್ತಿದ್ದಂತೆ ಅದು ಚಿತ್ರವನ್ನು ಸ್ಥಿರಗೊಳಿಸುವ ಕೆಲಸಕ್ಕೆ ಬಂತು. ಬೆಳಕು ತಾಗದೆ ಉಳಿದ ಬೆಳ್ಳಿಯ ಲವಣವನ್ನು ಕರಗಿಸಿ ಹೊರತೆಗೆಯುವುದೇ ಇಂದಿಗೂ ಅದರ ಕೆಲಸ. ಈಗ ಅಂಗಡಿಯಲ್ಲಿ ಸಿಗುವ ರ‍್ಯಾಪಿಡ್ ಫಿಕ್ಸರ್‌ಗಳಲ್ಲಿ ಸೋಡಿಯಂ ಬದಲು ಅಮೋನಿಯಂ ಥಯೋಸಲ್ಫೇಟ್ ಇರುತ್ತದೆ.

ಮೊದಲು ಉಸಿರಿನ ವಿಷಯ. ಬಹಳಷ್ಟು ಫಿಕ್ಸರ್‌ಗಳು ಆಮ್ಲೀಯವಾಗಿದ್ದು, ಅವುಗಳಿಂದ ಗಂಧಕದ ಡೈಆಕ್ಸೈಡ್ ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತಲೇ ಇರುತ್ತದೆ. ಹಚ್ಚಿದ ಬೆಂಕಿಕಡ್ಡಿಯಂಥ ಘಾಟು ಬಂದರೆ, ಗಂಟಲು ಕೆರೆದರೆ, ಕಣ್ಣು ಉರಿದರೆ ಅದು ಇದರದೇ ಕೆಲಸ. ಆರೋಗ್ಯವಂತರಿಗೆ ಇದು ಕಿರಿಕಿರಿಯಷ್ಟೇ ಆಗಬಹುದು. ಆಸ್ತಮಾ ಇರುವವರಿಗೆ ಕಡಿಮೆ ಪ್ರಮಾಣದಲ್ಲೂ ಉಸಿರುಗಟ್ಟಬಹುದು. ಡೆವಲಪರಿನ ಕೆಲಸವನ್ನು ನಿಲ್ಲಿಸುವ ಆಮ್ಲೀಯ ದ್ರವವಾದ ಸ್ಟಾಪ್ ಬಾತ್‌ನಿಂದ ತೆಗೆದ ಪ್ರಿಂಟನ್ನು ಹಾಗೆಯೇ ಫಿಕ್ಸರಿಗೆ ಹಾಕಿದರೆ ಅದರೊಂದಿಗೆ ಆಮ್ಲವೂ ಹೋಗಿ ಅನಿಲ ಹೆಚ್ಚುತ್ತದೆ. ಆದ್ದರಿಂದ ಇಕ್ಕಳದಲ್ಲಿ ಒಂದು ಮೂಲೆ ಹಿಡಿದೆತ್ತಿ, ಸುಮಾರು ಹತ್ತು ಸೆಕೆಂಡು ಟ್ರೇಯ ಮೇಲೆಯೇ ತೂಗುಬಿಟ್ಟು, ದ್ರವ ಸೋರಿದ ಮೇಲೆ ಮುಂದಿನ ಟ್ರೇಗೆ ಸಾಗಿಸಬೇಕು. ಅಮೋನಿಯಂ ಫಿಕ್ಸರಿಗೆ ಕ್ಷಾರೀಯ ಡೆವಲಪರ್ ಬೆರೆತರೆ ಅಮೋನಿಯಾ ಏಳುತ್ತದೆ. ಹಾಗಾಗಿ ಬಳಸಿದ ಡೆವಲಪರನ್ನೂ ಬಳಸಿದ ಫಿಕ್ಸರನ್ನೂ ಒಂದೇ ಡಬ್ಬಕ್ಕೆ ಸುರಿಯಬಾರದು. ಟ್ರೇ ತೊಳೆಯುವಾಗ ಬ್ಲೀಚಿಂಗ್ ಪೌಡರನ್ನಾಗಲಿ ಶೌಚಾಲಯ ತೊಳೆಯುವ ಆಮ್ಲವನ್ನಾಗಲಿ ಹತ್ತಿರ ತರಲೇಬಾರದು. ಮುಚ್ಚಿದ ಕೋಣೆಯಲ್ಲಿ ಆಗ ಏಳುವ ಅನಿಲಗಳು ನಿಜಕ್ಕೂ ಅಪಾಯಕಾರಿ.

ಬೆಳಕು ಒಳನುಸುಳದಂತೆ ಮುಚ್ಚಿದ ಕೋಣೆಗೆ ಗಾಳಿಯೂ ಬರುವುದಿಲ್ಲ ಎಂಬುದು ಡಾರ್ಕ್‌ರೂಮಿನ ಮೂಲ ತೊಡಕು. ಕೋಣೆಯ ಗಾಳಿ ಗಂಟೆಗೆ ಹತ್ತು ಬಾರಿಯಾದರೂ ಬದಲಾಗಬೇಕೆಂಬುದು ಸಾಮಾನ್ಯ ಲೆಕ್ಕ. 6 ಅಡಿ ಅಗಲ, 8 ಅಡಿ ಉದ್ದ, 9 ಅಡಿ ಎತ್ತರದ ಕೋಣೆಯಲ್ಲಿ 432 ಘನ ಅಡಿ ಗಾಳಿ ಹಿಡಿಯುತ್ತದೆ. ಅದನ್ನು ಗಂಟೆಗೆ ಹತ್ತು ಬಾರಿ ಹೊರಹಾಕಲು ಫ್ಯಾನು ನಿಮಿಷಕ್ಕೆ 72 ಘನ ಅಡಿ ಎಳೆಯಬೇಕು. ಬಚ್ಚಲಿಗೆ ಹಾಕುವ ಸಾಧಾರಣ ಎಕ್ಸಾಸ್ಟ್ ಫ್ಯಾನಿಗೆ ಇದು ದೊಡ್ಡ ಕೆಲಸವಲ್ಲ. ಆದರೆ ಫ್ಯಾನನ್ನು ಎಲ್ಲಿ ಕೂರಿಸುತ್ತೇವೆ ಎಂಬುದು ಅದರ ಶಕ್ತಿಗಿಂತ ಮುಖ್ಯ. ತಾರಸಿಯ ಹತ್ತಿರ ಕೂರಿಸಿದರೆ ಟ್ರೇಯಿಂದ ಎದ್ದ ಅನಿಲ ಕೆಲಸ ಮಾಡುವವರ ಮೂಗಿನ ಮುಂದೆಯೇ ಹಾದು ಮೇಲೇರುತ್ತದೆ. ಫ್ಯಾನು ಟ್ರೇಗಳ ಹಿಂದೆ, ಟ್ರೇಗಳ ಎತ್ತರದಲ್ಲೇ ಇದ್ದು, ಹೊಸ ಗಾಳಿ ನಮ್ಮ ಬೆನ್ನ ಹಿಂದಿನ ಬಾಗಿಲಿನ ಕೆಳಗಿನಿಂದ ಬರುವಂತಿರಬೇಕು. ಒಳಬರುವ ದಾರಿಯಿಲ್ಲದಿದ್ದರೆ ಎಷ್ಟು ದೊಡ್ಡ ಫ್ಯಾನು ಹಾಕಿದರೂ ಅದು ಸುಮ್ಮನೆ ತಿರುಗುತ್ತದೆ.

ಉಸಿರಾಟದ ತೊಂದರೆ ಇರುವವರಿಗೆ ಇನ್ನೂ ಒಳ್ಳೆಯ ದಾರಿಯಿದೆ. ನನ್ನ ಮಟ್ಟಿಗೆ ಮನೆಯಲ್ಲಿ ಕೆಲಸ ಮಾಡುವವರೆಲ್ಲರಿಗೂ ಅದೇ ವಾಸಿ. ಒಂದು ಲೀಟರ್ ನೀರಿಗೆ ಸುಮಾರು 240 ಗ್ರಾಂ ಹೈಪೋ ಹರಳು ಮತ್ತು 15 ಗ್ರಾಂ ಸೋಡಿಯಂ ಸಲ್ಫೈಟ್ ಹಾಕಿ, ಆಮ್ಲವನ್ನು ಬಿಟ್ಟುಬಿಟ್ಟರೆ ಹೆಚ್ಚುಕಡಿಮೆ ವಾಸನೆಯೇ ಇಲ್ಲದ ಫಿಕ್ಸರ್ ಸಿಗುತ್ತದೆ. ಕರಗುವಾಗ ಹೈಪೋ ನೀರನ್ನು ತಣ್ಣಗಾಗಿಸುವುದರಿಂದ ಬಿಸಿ ನೀರಿನಿಂದ ಆರಂಭಿಸಬೇಕು. ಇದು ರ‍್ಯಾಪಿಡ್ ಫಿಕ್ಸರಿಗಿಂತ ನಿಧಾನ, ಮತ್ತು ಡೆವಲಪರ್ ಆದ ಮೇಲೆ ನೀರಿನಲ್ಲಿ ಚೆನ್ನಾಗಿ ಜಾಲಿಸದಿದ್ದರೆ ಪ್ರಿಂಟಿನ ಮೇಲೆ ಕಲೆ ಬೀಳುತ್ತದೆ. ಆಮ್ಲೀಯ ಫಿಕ್ಸರನ್ನೇ ತಯಾರಿಸುವುದಾದರೆ ಸಲ್ಫೈಟ್ ಪೂರ್ತಿ ಕರಗುವವರೆಗೂ ಆಮ್ಲ ಹಾಕಬಾರದು. ಆ ಕ್ರಮ ತಪ್ಪಿದರೆ ದ್ರವ ಹಾಲಿನಂತಾಗಿ ಗಂಧಕ ಬೇರ್ಪಡುತ್ತದೆ, ಜೊತೆಗೆ ಅನಿಲವೂ ಏಳುತ್ತದೆ. ಬೇಸಿಗೆಯಲ್ಲಿ, ವಿಶೇಷವಾಗಿ ರಾಯಚೂರು, ಕಲಬುರಗಿ ಕಡೆಯ ಸೆಕೆಗೆ, ಸರಿಯಾಗಿ ತಯಾರಿಸಿದ ಆಮ್ಲೀಯ ಫಿಕ್ಸರ್ ಕೂಡ ಬೇಗ ಹೀಗೆ ಕೆಡಬಹುದು. ಮಸುಕಾದ ಫಿಕ್ಸರನ್ನು ಸೋಸಿ ಮತ್ತೆ ಬಳಸಬಾರದು.

ಕೈಗೆ ನೈಟ್ರೈಲ್ ಕೈಗವಸು, ಪ್ರತಿ ಟ್ರೇಗೂ ಬೇರೆ ಬೇರೆ ಇಕ್ಕಳ, ಬೆರೆಸುವಾಗ ಕಣ್ಣಿಗೆ ಕನ್ನಡಕ ಇರಬೇಕು. ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಬೇಕು. ನೆಲಕ್ಕೆ ಚೆಲ್ಲಿದ ಹನಿ ಒಣಗಿ ಬಿಳಿಯ ಹರಳಾಗಿ, ಕಾಲಡಿ ಪುಡಿಯಾಗಿ ಗಾಳಿ ಸೇರುವುದರಿಂದ ಒದ್ದೆ ಇರುವಾಗಲೇ ಒರೆಸಬೇಕು. ಫಿಕ್ಸರ್ ನೋಡಲು ನೀರಿನಂತೆಯೇ ಇರುತ್ತದೆ. ಮಕ್ಕಳಿರುವ ಮನೆಯಲ್ಲಿ ಅದನ್ನು ಕುಡಿಯುವ ನೀರಿನ ಇಲ್ಲವೇ ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಡುವುದಕ್ಕಿಂತ ದೊಡ್ಡ ಅಪಾಯ ಈ ಇಡೀ ಕೆಲಸದಲ್ಲಿ ಮತ್ತೊಂದಿಲ್ಲ. ಬೇರೆ ಆಕಾರದ, ಬೇರೆ ಬಣ್ಣದ ಕ್ಯಾನಿನಲ್ಲಿ ತುಂಬಿ, ಹೆಸರನ್ನೂ ದಿನಾಂಕವನ್ನೂ ದಪ್ಪಕ್ಷರದಲ್ಲಿ ಬರೆದು, ಬೀಗ ಹಾಕುವ ಕಪಾಟಿನಲ್ಲಿಡಬೇಕು.

ಫಿಲ್ಮಿನ ತುದಿಯ ಒಂದು ತುಂಡನ್ನು ಹೊಸ ಫಿಕ್ಸರಿಗೆ ಹಾಕಿ, ಅದು ಪಾರದರ್ಶಕವಾಗಲು ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಟ್ಟುಕೊಳ್ಳಿ. ಆ ಹೊತ್ತು ಇಮ್ಮಡಿಯಾದ ದಿನ ಫಿಕ್ಸರ್ ಮುಗಿಯಿತೆಂದೇ ಲೆಕ್ಕ, ಮತ್ತು ಅಂದಿನಿಂದ ಅದನ್ನು ಬೆಳ್ಳಿಯಿರುವ ತ್ಯಾಜ್ಯವೆಂದೇ ಕಾಣಬೇಕು.

ಅಮೆರಿಕದ ನಿಯಮಗಳಲ್ಲಿ ದ್ರವ ತ್ಯಾಜ್ಯದ ಲೀಟರಿಗೆ 5 ಮಿಲಿಗ್ರಾಂ ಬೆಳ್ಳಿ ಕಂಡುಬಂದರೆ ಅದು ಅಪಾಯಕಾರಿ ತ್ಯಾಜ್ಯ. ಚೆನ್ನಾಗಿ ಬಳಸಿದ ಫಿಲ್ಮ್ ಫಿಕ್ಸರಿನ ಲೀಟರಿನಲ್ಲಿ ಗ್ರಾಂಗಟ್ಟಲೆ ಬೆಳ್ಳಿ ಇರುತ್ತದೆ. ಒಂದೇ ಒಂದು ಗ್ರಾಂ ಬೆಳ್ಳಿಯನ್ನು ಆ ಮಿತಿಗೆ ಇಳಿಸಲು 200 ಲೀಟರ್ ನೀರು ಬೇಕು. ಹಾಗೆ ನೀರು ಬೆರೆಸಿದರೂ ಬೆಳ್ಳಿ ಎಲ್ಲಿಗೂ ಹೋಗುವುದಿಲ್ಲ. ಥಯೋಸಲ್ಫೇಟಿಗೆ ಅಂಟಿಕೊಂಡಿರುವವರೆಗೆ ಅದರ ವಿಷ ಕಡಿಮೆ ಎಂಬುದು ನಿಜ. ಆದರೆ ಬಿಡಿಯಾದ ಬೆಳ್ಳಿಯ ಅಯಾನು ಮೀನಿನ ಕಿವಿರಿನಲ್ಲಿ ಉಪ್ಪಿನಂಶ ಹೀರುವ ಕ್ರಿಯೆಯನ್ನೇ ಕೆಡಿಸುತ್ತದೆ, ಅದೂ ಮೈಕ್ರೋಗ್ರಾಂ ಲೆಕ್ಕದಲ್ಲಿ. ಒಳಚರಂಡಿಯ ನೀರು ಸಂಸ್ಕರಣಾ ಘಟಕ ತಲುಪಿದರೆ ಬೆಳ್ಳಿಯ ಬಹುಪಾಲು ಕೆಸರಿನಲ್ಲಿ ಕೂರುತ್ತದೆ. ಬೆಂಗಳೂರಿನಲ್ಲಿ ರಾಜಕಾಲುವೆಗೆ ಬಿದ್ದದ್ದಾದರೋ ಕೆರೆಯ ದಾರಿ ಹಿಡಿಯುತ್ತದೆ. ಇಂಗುಗುಂಡಿಗೆ ಬಿದ್ದದ್ದು ಅಲ್ಲಿಯ ಮಣ್ಣಿಗೆ ಸೇರುತ್ತದೆ. ನಮ್ಮ ಮನೆಯ ಕೊಳವೆ ಎಲ್ಲಿಗೆ ಹೋಗುತ್ತದೆಂದು ತಿಳಿದುಕೊಳ್ಳುವುದು ಡಾರ್ಕ್‌ರೂಮ್ ಕಟ್ಟುವ ಮೊದಲೇ ಆಗಬೇಕಾದ ಕೆಲಸ. ಆಸ್ಪತ್ರೆಗಳ ಎಕ್ಸ್‌ರೇ ಫಿಲ್ಮ್ ತೊಳೆದ ದ್ರವವನ್ನು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ರಾಸಾಯನಿಕ ದ್ರವ ತ್ಯಾಜ್ಯವೆಂದು ಹೆಸರಿಸಿವೆ. ಮನೆಯ ಡಾರ್ಕ್‌ರೂಮಿಗೆ ಆ ನಿಯಮ ಅನ್ವಯಿಸದಿದ್ದರೂ ದ್ರವ ಅದೇ ಜಾತಿಯದು.

ಬಳಸಿದ ಫಿಕ್ಸರನ್ನೂ, ಫಿಲ್ಮನ್ನು ಮೊದಲ ಬಾರಿ ಜಾಲಿಸಿದ ನೀರನ್ನೂ ಒಂದು ಪ್ಲಾಸ್ಟಿಕ್ ಕ್ಯಾನಿನಲ್ಲಿ ಸಂಗ್ರಹಿಸಿ. ಹತ್ತಿರದ ಎಕ್ಸ್‌ರೇ ಕೇಂದ್ರ ಇನ್ನೂ ಫಿಲ್ಮ್ ತೊಳೆಯುತ್ತಿದ್ದರೆ, ಅವರ ಹೈಪೋವನ್ನು ಬೆಳ್ಳಿಗಾಗಿ ಒಯ್ಯುವವರಿಗೇ ಇದನ್ನೂ ಕೊಡಬಹುದೇ ಎಂದು ವಿಚಾರಿಸಿ. ಅವರಿಗೆ ಅನುಮತಿ ಇದೆಯೇ ಎಂಬುದನ್ನೂ ಕೇಳಿ. ಆ ದಾರಿ ಇಲ್ಲದಿದ್ದರೆ ಬಣ್ಣದ ಅಂಗಡಿಯಲ್ಲಿ ಸಿಗುವ, ಸೋಪಿಲ್ಲದ ಸ್ಟೀಲ್ ವೂಲ್ ತನ್ನಿ. ಪಾತ್ರೆ ತಿಕ್ಕುವ ಹೊಳಪಿನ ಸ್ಟೇನ್‌ಲೆಸ್ ಜುಂಗು ಇದಕ್ಕೆ ಆಗುವುದಿಲ್ಲ, ಏಕೆಂದರೆ ಕರಗಬೇಕಾದದ್ದು ಸಾದಾ ಕಬ್ಬಿಣ. ಲೀಟರಿಗೆ ಒಂದು ಹಿಡಿಯಷ್ಟನ್ನು ಬಿಡಿಸಿ ಹಾಕಿ, ಮುಚ್ಚಳವನ್ನು ಬಿಗಿಮಾಡದೆ, ಹೊರಗೆ ನೆರಳಿನಲ್ಲಿ ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಸಿಗದ ಕಡೆ ಇಡಿ. ಕಬ್ಬಿಣ ಕರಗುತ್ತಾ ಬೆಳ್ಳಿ ಕಪ್ಪು ಕೆಸರಾಗಿ ತಳಕ್ಕಿಳಿಯುತ್ತದೆ. ಆಮ್ಲವಿಲ್ಲದ ಫಿಕ್ಸರಿನಲ್ಲಿ ಇದು ನಿಧಾನ. ಚುರುಕಾಗಲೆಂದು ಆಮ್ಲ ಸುರಿಯದೆ ಇನ್ನೆರಡು ದಿನ ಕಾಯಬೇಕು.

ಬೆಳ್ಳಿ ಇಳಿಯಿತೇ ಎಂದು ನೋಡಲು ಹಳೆಯ ಕರೆಂಟ್ ವೈರಿನ ತಾಮ್ರದ ತಂತಿ ಸಾಕು. ಉಜ್ಜುಕಾಗದದಿಂದ ಅದನ್ನು ಹೊಳೆಯುವಂತೆ ಉಜ್ಜಿ ದ್ರವದಲ್ಲಿ ಅದ್ದಿದರೆ, ಬೆಳ್ಳಿ ಹೆಚ್ಚಿದ್ದಾಗ ತಾಮ್ರದ ಕೆಂಪು ನೋಡನೋಡುತ್ತಿದ್ದಂತೆ ಬೂದುಬಣ್ಣಕ್ಕೆ ತಿರುಗುತ್ತದೆ. ಹಾಗಾದರೆ ಹೊಸ ಸ್ಟೀಲ್ ವೂಲ್ ಹಾಕಿ ಮತ್ತೆ ಕಾಯಬೇಕು. ಕೆಲವು ನಿಮಿಷ ಅದ್ದಿಟ್ಟರೂ ತಂತಿ ಕೆಂಪಾಗಿಯೇ ಉಳಿದರೆ ಬೆಳ್ಳಿಯ ಬಹುಪಾಲು ಹೊರಬಿದ್ದಿದೆ ಎಂದರ್ಥ. ಇದು ಅಂದಾಜೇ ಹೊರತು ಪ್ರಯೋಗಾಲಯದ ಅಳತೆಯಲ್ಲ. ಸೋಡಿಯಂ ಸಲ್ಫೈಡ್ ಹಾಕಿ ಬೆಳ್ಳಿ ಇಳಿಸುವ ವಿಧಾನವೂ ಉಂಟು, ಆದರೆ ಆಮ್ಲ ಸೋಕಿದರೆ ಅದರಿಂದ ಮಾರಕವಾದ ಹೈಡ್ರೋಜನ್ ಸಲ್ಫೈಡ್ ಏಳುವುದರಿಂದ ಮನೆಯಲ್ಲಿ ಅದರ ಗೋಜಿಗೆ ಹೋಗಬಾರದು.

ತಿಳಿಯಾದ ದ್ರವವನ್ನು ಬಟ್ಟೆಯಲ್ಲಿ ಸೋಸಿ, ಒಳಚರಂಡಿ ಸಂಪರ್ಕವಿರುವ ಕಡೆ ಮಾತ್ರ, ಧಾರಾಳ ನೀರಿನೊಂದಿಗೆ ಸ್ವಲ್ಪ ಸ್ವಲ್ಪವಾಗಿ ಬಿಡಿ. ಆ ಸಂಪರ್ಕವಿಲ್ಲದ ಊರಿನಲ್ಲಿ ಕ್ಯಾನಿನಲ್ಲೇ ಇಟ್ಟುಕೊಂಡು, ಇರುವ ಕಡೆಗೆ ಒಯ್ಯಬೇಕಾಗುತ್ತದೆ. ಉಳಿದ ಕಪ್ಪು ಕೆಸರನ್ನು ಕರಗಿಸಿ ಬೆಳ್ಳಿ ಮಾಡುವ ಆಸೆಗೆ ಮನೆಯಲ್ಲಿ ಕಾಯಿಸಿದರೆ ಅದರಲ್ಲಿರುವ ಗಂಧಕ ಮತ್ತೆ ಅದೇ ಘಾಟು ಅನಿಲವಾಗಿ ಹೊರಬರುತ್ತದೆ. ಅದನ್ನು ನೆರಳಲ್ಲಿ ಒಣಗಿಸಿ, ಧೂಳೇಳದಂತೆ ಡಬ್ಬದಲ್ಲಿ ಮುಚ್ಚಿ, ಸಾಕಷ್ಟು ಸೇರಿದ ಮೇಲೆ ಬೆಳ್ಳಿ ಶುದ್ಧೀಕರಿಸುವವರಿಗೆ, ಒಳಗಿರುವುದು ಏನೆಂದು ಹೇಳಿ ಒಪ್ಪಿಸಿ.