ಹೊಲದಿಂದ ಮಂಡಿಗೆ: ಬಾಡಿಗೆ ಇಳಿಸುವ ಲೆಕ್ಕ

ಮುಳಬಾಗಿಲು, ಚಿಂತಾಮಣಿಯ ಟೊಮೆಟೊ ಕೋಲಾರದಲ್ಲೋ ಹೊಸಕೋಟೆಯಲ್ಲೋ ಒಟ್ಟಾಗಿ, ಅಲ್ಲಿಂದ ಕಲಾಸಿಪಾಳ್ಯ, ಮಡಿವಾಳ, ಯಲಹಂಕಕ್ಕೆ ಹೋಗಬೇಕು ಎಂದಿಟ್ಟುಕೊಳ್ಳಿ. ಹೊಲದಿಂದ ಹತ್ತಿರದ ಕೇಂದ್ರಕ್ಕೆ, ಅಲ್ಲಿಂದ ಹತ್ತಿರದ ಮಂಡಿಗೆ ಎಂದು ಬಿಡಿಬಿಡಿಯಾಗಿ ಲೆಕ್ಕ ಹಾಕಿದರೆ ಮೊದಲ ಹಂತದಲ್ಲಿ ಉಳಿದದ್ದು ಎರಡನೆಯದರಲ್ಲಿ ಸೋರಿಹೋಗುತ್ತದೆ. ಎರಡೂ ಹಂತ ಒಂದೇ ಹಾಳೆಯಲ್ಲಿರಲಿ. ಎಕ್ಸೆಲ್‌ನ ಸಾಲ್ವರ್ ಸಾಕು; ಷರತ್ತು ಮೀರದೆ ಒಟ್ಟು ಖರ್ಚು ಅತಿ ಕಡಿಮೆಯಾಗುವ ಸಂಖ್ಯೆಗಳನ್ನು ಅದೇ ಹುಡುಕಿಕೊಡುತ್ತದೆ. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಅದು ಪುಕ್ಕಟೆ. ರೂಟ್ ಆ್ಯಪ್‌ಗಳಿಗೆ ದುಡ್ಡು ಸುರಿಯಬೇಡಿ. ಅವುಗಳಲ್ಲಿ ಹೆಚ್ಚಿನವು ಒಂದು ಗಾಡಿ ಎಲ್ಲೆಲ್ಲಿ ನಿಲ್ಲಬೇಕು ಎಂದು ಹೇಳುತ್ತವೆಯೇ ಹೊರತು ಮಾಲು ಯಾವ ಕೇಂದ್ರದ ಮೂಲಕ ಹೋಗಬೇಕು ಎಂದಲ್ಲ.

ಮೊದಲು ಪ್ರತಿ ದಾರಿಗೂ ಕ್ರೇಟಿನ ಖರ್ಚು ಬರೆಯಿರಿ. ಬರೀ ಡೀಸೆಲ್ ಅಲ್ಲ. ಖಾಲಿ ವಾಪಸ್ ಬರುವುದು, ಹಮಾಲಿ, ಟೋಲ್ ಎಲ್ಲ ಸೇರಬೇಕು. 24 ಗಂಟೆಯೊಳಗೆ ಮರಳುವ ಗಾಡಿಗೆ ಟೋಲ್ ಒಂದೂವರೆ ಪಟ್ಟು, ಎರಡು ಪಟ್ಟಲ್ಲ. ಹೋಗಿಬರಲು ಪಿಕಪ್ ಬಾಡಿಗೆ 3,000 ರೂಪಾಯಿ ಎಂದುಕೊಂಡರೆ, 20 ಕಿಲೋದ 75 ಕ್ರೇಟ್ ತುಂಬಿದಾಗ ಕ್ರೇಟಿಗೆ 40 ರೂಪಾಯಿ. 40 ಕ್ರೇಟ್ ಹೇರಿದರೆ 75. ನಿಮ್ಮ ಗಾಡಿ ನಿಜವಾಗಿ ಎಷ್ಟು ತುಂಬುತ್ತದೋ ಅದನ್ನೇ ಹಾಕಿ.

ದಾರಿಗೊಂದರಂತೆ ಖಾಲಿ ಕೋಶ ಬಿಡಿ; ಆ ದಾರಿಯಲ್ಲಿ ಎಷ್ಟು ಕ್ರೇಟ್ ಹೋಗಬೇಕು ಎಂದು ಸಾಲ್ವರ್ ಅಲ್ಲಿ ತುಂಬುತ್ತದೆ. ಹೊಲದಿಂದ ನೇರ ಮಂಡಿಗೆ ಹೋಗುವ ದಾರಿಗಳನ್ನೂ ಬರೆಯಿರಿ. ತುಂಬಿದ ಲೋಡಿಗೆ ಎರಡೆರಡು ಸಲ ಇಳಿಸಿ ಹೇರುವ ಖರ್ಚು ಯಾಕೆ? ಒಟ್ಟು ಖರ್ಚಿಗೆ, ದಾರಿದಾರಿಯ ಕ್ರೇಟ್ ಸಂಖ್ಯೆಯನ್ನು ಕ್ರೇಟಿನ ಖರ್ಚಿನಿಂದ ಗುಣಿಸಿ ಕೂಡಿಸುವ ಸೂತ್ರ ಸಮ್‌ಪ್ರಾಡಕ್ಟ್.

ಎಡವುವುದು ಷರತ್ತುಗಳಲ್ಲಿ. ಹೊಲದಿಂದ ಹೊರಡುವುದು ಅಲ್ಲಿರುವ ಮಾಲನ್ನು ಮೀರಬಾರದು, ಮಂಡಿಗೆ ಬರುವುದು ಬೇಡಿಕೆಗೆ ಸಮ. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಮರೆಯುವುದು ನಡುವಿನ ಕೇಂದ್ರವನ್ನು: ಕೋಲಾರಕ್ಕೆ ಬಂದದ್ದು ಕೋಲಾರದಿಂದ ಹೊರಟದ್ದಕ್ಕೆ ಸಮ, ಹೊಸಕೋಟೆಗೂ ಹಾಗೆಯೇ, ಒಂದೊಂದಕ್ಕೂ ಬೇರೆ ಸಾಲು. ಎರಡನ್ನೂ ಕೂಡಿಸಿ ಒಂದೇ ಸಾಲು ಬರೆದರೆ ಮಾಲು ಕೋಲಾರದಲ್ಲಿ ಇಳಿದು ಹೊಸಕೋಟೆಯಿಂದ ಹೊರಡುತ್ತದೆ, ನಡುವಿನ ಸಾಗಣೆಯ ಖರ್ಚೇ ಇಲ್ಲದೆ! ಸಾಲನ್ನೇ ಬಿಟ್ಟರೆ ಹೊಲದಿಂದ ಕೇಂದ್ರಕ್ಕೆ ಹೋಗುವ ಕೋಶಗಳೆಲ್ಲ ಸೊನ್ನೆ. ಕೇಂದ್ರದಲ್ಲಿ ಟೊಮೆಟೊ ತಾನಾಗಿ ಹುಟ್ಟುತ್ತದೆ. ಒಟ್ಟು ಖರ್ಚು ನಂಬಲಾಗದಷ್ಟು ಕಡಿಮೆ ಬಂತೆಂದರೆ ಮೊದಲು ಇಲ್ಲೇ ಹುಡುಕಿ. ಆರಿಸುವಾಗ 3% ಕೊಳೆತದ್ದು ಹೋಗುವುದಾದರೆ ಹೊರಡುವುದು ಬಂದದ್ದರ 0.97 ಪಾಲು. ಕೇಂದ್ರದಲ್ಲಿ ಜಾಗ ಇಷ್ಟೇ ಎಂದಿದ್ದರೆ ಅದಕ್ಕೆ ಇನ್ನೊಂದು ಸಾಲು.

ಸಾಲ್ವರ್‌ನಲ್ಲಿ ‘ಮಿನ್’ (ಕನಿಷ್ಠ) ಆರಿಸಿ, ವಿಧಾನ ಇಂಥ ಬರೀ ಗುಣಿಸಿ ಕೂಡಿಸುವ ಲೆಕ್ಕಕ್ಕೆಂದೇ ಇರುವ ‘ಸಿಂಪ್ಲೆಕ್ಸ್ ಎಲ್‌ಪಿ’, ಋಣ ಸಂಖ್ಯೆ ಬಾರದಂತೆ ತಡೆಯುವ ಟಿಕ್ ಇರಲಿ. ಎಕ್ಸೆಲ್ ತಾನಾಗಿ ಹಿಡಿಯುವ ‘ಜಿಆರ್‌ಜಿ’ ಇದಕ್ಕೆ ಬೇಡ. ಉತ್ತರವೇ ಇಲ್ಲ ಎಂದರೆ ಬೇಡಿಕೆ ಮಾಲಿಗಿಂತ ಹೆಚ್ಚಿದೆಯೇ, ಕೇಂದ್ರದ ಜಾಗ ಸಾಲದೇ ಎಂದು ನೋಡಿ. ಬೇಡಿಕೆ ಹೆಚ್ಚಿದ್ದರೆ ಕೊರತೆಯಷ್ಟು ಮಾಲಿರುವ ಒಂದು ಸುಳ್ಳು ಹೊಲವನ್ನು ಲೆಕ್ಕಕ್ಕಷ್ಟೇ ಸೇರಿಸಿ, ಅಲ್ಲಿಂದ ಹೊರಡುವ ಕ್ರೇಟಿಗೆ ದುಬಾರಿ ದರ ಕಟ್ಟಿ.

ಬಂದ ಉತ್ತರವನ್ನು ಗಾಡಿ ಲೆಕ್ಕಕ್ಕೆ ಇಳಿಸಿ ನೋಡಿ. 80 ಕ್ರೇಟ್ ಎಂದು ಬಂದಲ್ಲಿ ಐದು ಕ್ರೇಟಿಗಾಗಿ ಎರಡನೇ ಪಿಕಪ್ ಹೊರಡುತ್ತದೆ. ಅಂಥ ದಾರಿಗಳಿಗೆ 75ರ ಮಿತಿ ಹಾಕಿ ಮತ್ತೆ ಬಿಡಿಸಿ.