51.4 ಅಂದರೆ ಏನು? ಜನರೇಟರ್ ಪರದೆ ಓದುವ ಬಗೆ

ಪೋರ್ಟಬಲ್ ಜನರೇಟರಿನ ಪುಟ್ಟ ಪರದೆಯಲ್ಲಿ ಮೊದಲ ಸಲ 51.4 ಎಂದು ಕಂಡಾಗ, ಎಂಜಿನ್ ಬಿಸಿ ಇರಬೇಕು ಅಂದುಕೊಂಡಿದ್ದೆ. ಬಟನ್ ಒತ್ತಿದೆ, 231 ಬಂತು. ಮತ್ತೆ ಒತ್ತಿದೆ, 112. ಯಾವುದರ ಪಕ್ಕದಲ್ಲೂ ಏನೆಂದು ಬರೆದಿರಲಿಲ್ಲ. ಕೈಪಿಡಿ ತೆರೆದ ಮೇಲೆ ಗೊತ್ತಾಯಿತು: ಹರ್ಟ್ಜ್ (ಕರೆಂಟು ಸೆಕೆಂಡಿಗೆ ಎಷ್ಟು ಆವರ್ತನೆ ಮುಗಿಸುತ್ತದೆ ಎಂಬ ಅಂಕಿ), ವೋಲ್ಟ್, ಎಂಜಿನ್ ಓಡಿದ ಗಂಟೆ. ಇನ್ನೂ ಎಷ್ಟು ಹೊರೆ ಹಾಕಬಹುದು ಎಂಬುದನ್ನು ಮಾತ್ರ ಇವುಗಳಲ್ಲಿ ಒಂದೂ ನೇರವಾಗಿ ಹೇಳುವುದಿಲ್ಲ. ಅದನ್ನು ನಾವೇ ಲೆಕ್ಕ ಹಾಕಬೇಕು.

ಮೊದಲು ಮೈಮೇಲಿನ ಫಲಕ ನೋಡಿ

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವುದು ಸಾಮಾನ್ಯವಾಗಿ ಗರಿಷ್ಠ ಸಾಮರ್ಥ್ಯ. ಅದು ಸ್ವಲ್ಪ ಹೊತ್ತಿಗೆ ಮಾತ್ರ. ಗಂಟೆಗಟ್ಟಲೆ ಓಡಿಸಲು ನಂಬಬೇಕಾದದ್ದು ಫಲಕದಲ್ಲಿ ‘ರೇಟೆಡ್’ ಎಂದಿರುವ ಅಂಕಿ. ಕೆವಿಎ (ವೋಲ್ಟ್ ಮತ್ತು ಆಂಪಿಯರ್ ಗುಣಿಸಿದ ಅಂಕಿ, ಸಾವಿರಗಳಲ್ಲಿ) ಎಂದಿದ್ದರೆ, ಅದರಲ್ಲಿ ನಿಜಕ್ಕೂ ಕೆಲಸಕ್ಕೆ ಸಿಗುವ ಪಾಲನ್ನು ಹೇಳುವ ಪವರ್ ಫ್ಯಾಕ್ಟರ್‌ನಿಂದ ಗುಣಿಸಿ: 5 ಕೆವಿಎ, 0.8 ಎಂದಿದ್ದರೆ ಸಿಗುವುದು 4,000 ವ್ಯಾಟ್. ಪವರ್ ಫ್ಯಾಕ್ಟರ್ 1 ಇದ್ದರೆ ಎರಡೂ ಒಂದೇ.

ಆಮೇಲೆ ಉಪಕರಣಗಳ ಪಟ್ಟಿ

2,000 ವ್ಯಾಟ್ ರೇಟೆಡ್ ಯಂತ್ರ ಎಂದಿಟ್ಟುಕೊಳ್ಳಿ. 75 ವ್ಯಾಟ್‌ನ ನಾಲ್ಕು ಫ್ಯಾನ್, 9 ವ್ಯಾಟ್‌ನ ಹತ್ತು ಎಲ್‌ಇಡಿ ಬಲ್ಬ್, 100 ವ್ಯಾಟ್ ಟಿವಿ, 150 ವ್ಯಾಟ್ ಫ್ರಿಜ್. ಒಟ್ಟು 640. ಆರಾಮಾಗಿದೆ ಅನ್ನಿಸುತ್ತದೆ. ಎಡವುವುದು ಇಲ್ಲೇ. ಬಲ್ಬು, ಇಸ್ತ್ರಿ ಪೆಟ್ಟಿಗೆ, ಗೀಸರ್ ಫಲಕದಲ್ಲಿ ಬರೆದಷ್ಟೇ ಎಳೆಯುತ್ತವೆ. ಮೋಟಾರ್ ಇರುವ ವಸ್ತು ಹಾಗಲ್ಲ. ನಿಂತ ಮೋಟಾರ್ ತಿರುಗಲು ಶುರುವಾಗುವ ಆ ಕ್ಷಣದಲ್ಲಿ ಓಡುವಾಗಿನ ಮೂರರಿಂದ ಆರು ಪಟ್ಟು ಕೇಳಬಹುದು. ಫ್ರಿಜ್ ಕಂಪ್ರೆಸರ್ ಶುರುವಾಗುವಾಗ 900 ವ್ಯಾಟ್ ಎಳೆಯುತ್ತದೆ ಎಂದುಕೊಳ್ಳೋಣ. 640ರಲ್ಲಿ 150 ಕಳೆದು 900 ಸೇರಿಸಿದರೆ 1,390. ಪರವಾಗಿಲ್ಲ.

ಈಗ ಅರ್ಧ ಎಚ್‌ಪಿ ನೀರಿನ ಪಂಪು ಸೇರಿಸಿ. ಒಂದು ಎಚ್‌ಪಿ ಎಂದರೆ 746 ವ್ಯಾಟ್, ಅರ್ಧ ಎಂದರೆ 373 ಎಂದು ಲೆಕ್ಕ ಮುಗಿಸುವವರಿದ್ದಾರೆ. ಅದು ಮೋಟಾರಿನ ಶಾಫ್ಟ್ ಕೊಡುವ ಶಕ್ತಿ. ತಂತಿಯಿಂದ ಎಳೆಯುವುದು ಸುಮಾರು 600. ಶುರುವಿಗೆ ಮೂರು ಪಟ್ಟು ಎಂದರೂ 1,800. ಉಳಿದ 640 ಓಡುತ್ತಿರುವಾಗ ಪಂಪು ಹಾಕಿದರೆ 2,440. ಯಂತ್ರ ಮುಗ್ಗರಿಸುತ್ತದೆ.

ಪಂಪನ್ನು ಮೊದಲು, ಒಂದೇ ಹಾಕಿ ನೋಡಿ: 1,800. ಅದು ಓಟಕ್ಕೆ ಬಿದ್ದು 600ಕ್ಕೆ ಇಳಿದ ಮೇಲೆ ಫ್ಯಾನು, ದೀಪ, ಟಿವಿ, ಕೊನೆಗೆ ಫ್ರಿಜ್. ಆಗಿನ ಅತಿ ದೊಡ್ಡ ಮೊತ್ತ 1,990. ಅದೇ ಯಂತ್ರ, ಅದೇ ಸಾಮಾನು. ಬದಲಾದದ್ದು ಸ್ವಿಚ್ ಹಾಕಿದ ಕ್ರಮ. ಹತ್ತು ವ್ಯಾಟಿನ ಅಂತರದಲ್ಲಿ ದಿನವೂ ಬದುಕುವುದು ನನಗಂತೂ ಒಪ್ಪಿಗೆಯಿಲ್ಲ. ಪಂಪು ನಿಂತ ಮೇಲೆಯೇ ಫ್ರಿಜ್ ಹಾಕುತ್ತೇನೆ.

ಇನ್ನು ಪರದೆ

50 ಹರ್ಟ್ಜ್‌ನ ಸಾಮಾನ್ಯ ಜನರೇಟರಿನಲ್ಲಿ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 50. ಹಾಗಾಗಿ ಹರ್ಟ್ಜ್ ಎಂದರೆ ಎಂಜಿನ್ನಿನ ಉಸಿರು. ಹೊರೆ ಇಲ್ಲದಾಗ 52ರ ಆಸುಪಾಸು ಇರುತ್ತದೆ, ತುಂಬಿದ ಹಾಗೆ 50ರತ್ತ ಇಳಿಯುತ್ತದೆ. ನನ್ನ 51.4 ಅದೇ, ಹಗುರ ಹೊರೆ. ಪಂಪು ಹಾಕಿದಾಗ ಎಂಜಿನ್ ಗೊರಗೊರ ಎಂದು ಅಂಕಿ ಒಮ್ಮೆ ಕುಸಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲೆದ್ದರೆ ಸರಿ. 48ಕ್ಕಿಂತ ಕೆಳಗೆ ಬಿದ್ದು ಅಲ್ಲೇ ಏದುಸಿರು ಬಿಡುತ್ತಿದ್ದರೆ ಕೂಡಲೇ ಹೊರೆ ಇಳಿಸಿ. ಮೋಟಾರುಗಳು ಬಿಸಿಯಾಗುವುದು ಇಂಥ ಹೊತ್ತಿನಲ್ಲೇ. ಇನ್ವರ್ಟರ್ ಮಾದರಿಯ ಜನರೇಟರಿನಲ್ಲಿ ಈ ಗುಟ್ಟು ಬಯಲಾಗದು. ಅದರಲ್ಲಿ ಹರ್ಟ್ಜ್ ಹೊಂದಿಸುವುದು ಎಲೆಕ್ಟ್ರಾನಿಕ್ಸ್, ಹಾಗಾಗಿ ಎಂಜಿನ್ ವೇಗ ಹೇಗಿದ್ದರೂ ಅದು ಅಲುಗುವುದಿಲ್ಲ. ಅಲ್ಲಿ ಓವರ್‌ಲೋಡ್ ದೀಪ ನೋಡಬೇಕು.

ಪರದೆಯ ವೋಲ್ಟ್ ಜನರೇಟರಿನ ಬಾಯಿಯದ್ದು. ತೆಳು ವೈರನ್ನು ಉದ್ದಕ್ಕೆ ಎಳೆದಿದ್ದರೆ ತುದಿಯಲ್ಲಿ ಅಷ್ಟು ಇರುವುದಿಲ್ಲ. ಹಾಗೆಂದು ಯಂತ್ರವನ್ನೇ ಬಾಗಿಲ ಬಳಿಗೆ ತರಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಪ್ರಾಣ ತೆಗೆಯುತ್ತದೆ. ಬಾಗಿಲು, ಕಿಟಕಿಯಿಂದ ಕನಿಷ್ಠ 6 ಮೀಟರ್ ದೂರ, ಬಯಲಲ್ಲೇ ಇರಲಿ. ವೈರು ದಪ್ಪದ್ದನ್ನು ತನ್ನಿ. ಮನೆಯ ವೈರಿಂಗಿಗೆ ಜೋಡಿಸುವುದಾದರೆ ಚೇಂಜ್‌ಓವರ್ ಸ್ವಿಚ್ (ಒಂದು ಸಲಕ್ಕೆ ಲೈನು ಅಥವಾ ಜನರೇಟರ್, ಒಂದನ್ನೇ ಮನೆಗೆ ಜೋಡಿಸುವಂಥದ್ದು) ಇಲ್ಲದೆ ಬೇಡವೇ ಬೇಡ. ಕರೆಂಟು ಹಿಮ್ಮುಖವಾಗಿ ಹರಿದು ಕಂಬದ ಮೇಲೆ ಕೆಲಸ ಮಾಡುತ್ತಿರುವವರಿಗೆ ತಗಲಬಹುದು.

ಉಳಿದದ್ದು 112. ಹೊಸ ಎಂಜಿನ್ನಿಗೆ ಹೆಚ್ಚಿನ ಕೈಪಿಡಿಗಳು ಮೊದಲ 20 ಗಂಟೆಗೆ ಆಯಿಲ್ ಬದಲಿಸಿ, ಆಮೇಲೆ 100 ಗಂಟೆಗೊಮ್ಮೆ ಎನ್ನುತ್ತವೆ. ನಾನು ಟ್ಯಾಂಕಿನ ಮೇಲೆ ಒಂದು ಚೂರು ಟೇಪು ಅಂಟಿಸಿ ‘ಮುಂದಿನ ಆಯಿಲ್: 120’ ಎಂದು ಬರೆದಿಟ್ಟಿದ್ದೇನೆ.